ಕಬ್ಬಿನ ಸಿಪ್ಪೆಯಲ್ಲಿ ಎದ್ದ 16 ಕಂಬ

ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಫ್ಲೋರಿನಲ್ಲಿ ಬಣ್ಣದ ಡಬ್ಬ ಹೊರುತ್ತಾ ಶುರು ಮಾಡಿದವನು ನಾನು. ಕಲಾ ನಿರ್ದೇಶಕ ಅಂತ ಹೆಸರು ಬರೋಕೆ 11 ವರ್ಷ ಹಿಡಿಯಿತು. ಆ ಹೆಸರು ತಂದುಕೊಟ್ಟಿದ್ದು ಮಂಡ್ಯದ ಕಬ್ಬಿನ ಸಿಪ್ಪೆ.

1972ರ ಸುಮಾರು. ದೇವಸ್ಥಾನದ ಸೆಟ್, 16 ಕಂಬ, ಕೈಯಲ್ಲಿ 12 ದಿನ. ಸೋಮನಾಥಪುರದ ಕಂಬಗಳ ಹಾಗೇ ಇರಬೇಕು ಅಂದರು ನಿರ್ದೇಶಕರು. ಅಲ್ಲಿ ಒಳಗಿನ ಕಂಬಗಳು ಹೆಚ್ಚಾಗಿ ತಿರುಗಣೆಯಲ್ಲಿ ಕಡೆದವು ಅಲ್ವಾ, ಸುತ್ತಲೂ ಒಂದೇ ರೂಪ. ಅರ್ಧ ಕಂಬಕ್ಕೆ ಒಂದು ಅಚ್ಚು, 32 ಸಲ ಎತ್ತಿದರೆ ಆಯಿತು. ಸಮಸ್ಯೆ ಅಚ್ಚಿನದಲ್ಲ, ಹುಯ್ದ ಪ್ಲಾಸ್ಟರ್ ಮುರಿಯದ ಹಾಗೆ ಒಳಗೆ ಹಿಡಿದಿಡೋ ನಾರಿನದು. ತೆಂಗಿನ ನಾರು, ಸೆಣಬು ತಂದರೆ ಕೊಟ್ಟ ದುಡ್ಡಲ್ಲಿ ಅರ್ಧ ಅಲ್ಲೇ ಮುಗಿಯುತ್ತಿತ್ತು.

ಮಂಡ್ಯ ಹತ್ತಿರದ ಆಲೆಮನೆಯಿಂದ ಒಂದು ಗಾಡಿ ಸಿಪ್ಪೆ ತರಿಸಿದೆ. ಬಾಡಿಗೆ ಸೇರಿ 25 ರೂಪಾಯಿ ಇರಬೇಕು. ಮದ್ರಾಸಿನಿಂದ ಬಂದಿದ್ದ ಮೋಲ್ಡಿಂಗ್ ಮೇಸ್ತ್ರಿ ನೋಡಿ, "ತಮ್ಮಾ, ಒಲೆಗೆ ಹಾಕೋದನ್ನ ಅಚ್ಚಿಗೆ ಹಾಕ್ತೀಯಾ?" ಅಂದರು.

ಅವರು ಅಂದಿದ್ದೇ ಆಯಿತು. ಬೆಳಿಗ್ಗೆ ಹುಯ್ದ ಪ್ಲಾಸ್ಟರ್ ಸಂಜೆಯಾದರೂ ಮೊಸರಿನ ಹಾಗೆ ಅಲುಗಾಡುತ್ತಿತ್ತು. ರಾತ್ರಿ ಅಚ್ಚಿನ ತುಂಬ ಇರುವೆ. 6 ಮೂಟೆ ಹಾಳು. ಒಂದು ತಿಂಗಳ ಸಂಬಳ ಹಿಡಿದುಕೊಂಡರು. ಸಿಪ್ಪೆಯಲ್ಲಿ ಉಳಿದ ಸಕ್ಕರೆ ಪ್ಲಾಸ್ಟರನ್ನು ಗಟ್ಟಿಯಾಗೋಕೆ ಬಿಡಲ್ಲ ಅನ್ನೋದು ಆಗ ತಿಳಿಯಿತು. ಎರಡನೇ ಸಲ ಒಂದೇ ನೀರಲ್ಲಿ ತೊಳೆದು ಹಾಕಿದೆ. ಗಟ್ಟಿಯಾಯಿತು, ಆದರೆ ಅಚ್ಚು ಬಿಚ್ಚುವಾಗ ಬಿಸ್ಕತ್ತಿನ ಹಾಗೆ ಮುರಿಯಿತು.

ಆಮೇಲೆ ಸಿಪ್ಪೆಯನ್ನು ಗೋಣಿಗೆ ತುಂಬಿ ರಾತ್ರಿಯಿಡೀ ನಾಲೆಯಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಬಟ್ಟೆ ಒಗೆದ ಹಾಗೆ ಕಲ್ಲಿಗೆ ಬಡಿದೆ. ಹೀಗೆ ಮೂರು ದಿನ. ಒಂದೊಂದು ಗೋಣಿಯಿಂದಲೂ ಒಂದು ಎಳೆ ತೆಗೆದು ಅಗಿದು ನೋಡುತ್ತಿದ್ದೆ. ಸಿಹಿ ಹತ್ತಿದರೆ ಮತ್ತೆ ನೀರಿಗೆ. ಒಣಗಿದ ಮೇಲೆ ಮೊರದಲ್ಲಿ ಕೇರಿ, ಬೆಂಡಿನ ಪುಡಿ ಹಾರಿಸಿ, ಉದ್ದ ನಾರು ಮಾತ್ರ ಉಳಿಸಿಕೊಂಡೆ. ಬೇಗ ಹಿಡಿಯಲಿ ಅಂತ ಮುರಿದ ಹಳೇ ಎರಕವನ್ನು ಕುಟ್ಟಿ ಪುಡಿ ಮಾಡಿ ಬೆರೆಸಿದೆ. ಎಷ್ಟು ಪುಡಿ, ನೀರಿಗೆ ಇನ್ನೇನು ಅನ್ನೋದು ನನ್ನ ಕೈಕೆಳಗೆ ದುಡಿದ ಇಬ್ಬರಿಗೆ ಗೊತ್ತು. ಅದು ಅಲ್ಲೇ ಇರಲಿ.

ನಡುವೆ ಭತ್ತದ ಹೊಟ್ಟನ್ನೂ ಹಾಕಿ ನೋಡಿದ್ದೆ, ಒರಟು ಕಲ್ಲಿನ ಮೈ ಬರಲಿ ಅಂತ. ಹತ್ತಡಿ ದೂರಕ್ಕೆ ಕಲ್ಲೇ. ಕ್ಲೋಸಪ್ಪಿನಲ್ಲಿ ಹೊಟ್ಟು. ಬಿಟ್ಟುಬಿಟ್ಟೆ. ಬಣ್ಣ ಮಾತ್ರ ಕಪ್ಪು ಬಿಳುಪಿನ ಕಾಲದಲ್ಲಿ ಕಲಿತದ್ದೇ ಕೈಹಿಡಿಯಿತು. ಆಗ ಬಿಳಿ ಗೋಡೆ ಬೇಕೆಂದರೆ ಬಿಳಿ ಬಳಿಯುತ್ತಿರಲಿಲ್ಲ, ಲೈಟಿಗೆ ಕಣ್ಣು ಕುಕ್ಕುತ್ತದೆ. ತೆಳು ನೀಲಿ ಬಳಿದರೆ ಪರದೆ ಮೇಲೆ ಹಿತವಾದ ಬಿಳಿ. ಈ ಕಂಬಗಳಿಗೂ ಕಲ್ಲಿನ ಬಣ್ಣ ಹಚ್ಚಲಿಲ್ಲ, ಕ್ಯಾಮೆರಾಗೆ ಕಲ್ಲಾಗಿ ಕಾಣುವ ಬಣ್ಣ ಹಚ್ಚಿದೆ.

1989ರ ಫೆಬ್ರವರಿ 8ರ ಬೆಂಕಿ ನಿಮಗೆಲ್ಲ ಗೊತ್ತು. ಅದೇ ಪ್ರೀಮಿಯರ್ ಸ್ಟುಡಿಯೋ, ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟು, ಎಷ್ಟೊಂದು ಜೀವ ಹೋದವು. ಅವತ್ತಿನಿಂದ ನನ್ನ ಸೆಟ್ಟಿನಲ್ಲಿ ಗೋಣಿಯಾಗಲಿ ನಾರಾಗಲಿ ಪ್ಲಾಸ್ಟರಿನಿಂದ ಹೊರಗೆ ಒಂದೆಳೆ ಇಣುಕಿದರೂ ಶೂಟಿಂಗಿಗೆ ಬಿಟ್ಟಿಲ್ಲ. ನಿರ್ಮಾಪಕರು ರೇಗಿದರೂ ಬಿಟ್ಟಿಲ್ಲ.

ಕಂಬ ನಿಲ್ಲಿಸುವ ದಿನ ನಾಲ್ಕು ಜನ ಬೇಕು ಅಂತ ಹೇಳಿಟ್ಟಿದ್ದರು. ಇಬ್ಬರೇ ಎತ್ತಿದರು. ಮೇಸ್ತ್ರಿ ಕಂಬಕ್ಕೆ ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, "ಇನ್ನೊಂದು ಗಾಡಿ ಸಿಪ್ಪೆ ತರಿಸು" ಅಂದರು.