ಸುಳ್ಳು ಮುಖದಲ್ಲಲ್ಲ, ಉಸಿರಲ್ಲಿ: ಬ್ರಿಜಿಡ್ ಪಾತ್ರ ಮಾಡಿದ ನನ್ನ ಅನುಭವ

‘ದಿ ಮಾಲ್ಟೀಸ್ ಫಾಲ್ಕನ್’ ಅನ್ನುವ ಅಮೆರಿಕದ ಪತ್ತೇದಾರಿ ಕಥೆಯಲ್ಲಿ ಸುಳ್ಳಿನ ಮೇಲೆ ಸುಳ್ಳು ಹೇಳುವ ಬ್ರಿಜಿಡ್ ಓಶಾನೆಸ್ಸಿಯನ್ನು ಹುಬ್ಬು ಹಾರಿಸದೆ, ಓರೆನಗೆ ಬೀರದೆ, ಸಭಿಕರ ಕಡೆಗೆ ಕಳ್ಳನೋಟ ಎಸೆಯದೆ ರಂಗದ ಮೇಲೆ ಮಾಡಬಹುದು. ನಾನು ಮಾಡಿದ್ದೇನೆ. ನಮ್ಮ ತಂಡದಲ್ಲಿ ಇದನ್ನು ನಂಬಿದ್ದವಳು ಮೊದಲಿಗೆ ನಾನೊಬ್ಬಳೇ. ಆಮೇಲೆ ನಮ್ಮ ಮೇಕಪ್ ಮಾಮ ನಂಬಿದರು. ನಿರ್ದೇಶಕರು ನಂಬಿದ್ದು ಮೂರನೇ ಪ್ರದರ್ಶನ ಆದಮೇಲೆ. ಪತ್ತೇದಾರ ಸ್ಪೇಡ್ ಪಾತ್ರ ಮಾಡುವವರು ಇವತ್ತಿಗೂ ಬಾಯಿಬಿಟ್ಟು ಒಪ್ಪಿಲ್ಲ, ಆದರೆ ಈಗ ನನ್ನ ಉಸಿರಿಗೆ ಕಾದು ಮಾತು ಹೇಳುತ್ತಾರೆ. ಅಷ್ಟು ಸಾಕು.

ನಾಟಕ ಕೈಗೆತ್ತಿಕೊಂಡಿದ್ದು ದುಡ್ಡಿನ ಕಾರಣಕ್ಕೆ ಅಂದರೆ ನಗಬೇಡಿ. ಕಾದಂಬರಿ ಬರೆದ ಡ್ಯಾಶಿಯಲ್ ಹ್ಯಾಮೆಟ್ ತೀರಿಕೊಂಡಿದ್ದು 1961ರಲ್ಲಿ. ನಮ್ಮ ದೇಶದ ಕಾಯ್ದೆಯಲ್ಲಿ ಲೇಖಕ ಸತ್ತು 60 ವರ್ಷ ಕಳೆದರೆ ಹಕ್ಕು ಮುಗಿಯಿತು. ಹಾಗಾಗಿ 2022ರಿಂದ ಯಾರಿಗೂ ಕೈಕಟ್ಟಿ ಅನುಮತಿ ಕೇಳಬೇಕಿಲ್ಲ. ಸಿನಿಮಾದ ಚಿತ್ರಕಥೆ ಮುಟ್ಟಲಿಲ್ಲ, ಕಾದಂಬರಿಯಿಂದಲೇ ರಂಗರೂಪ ಮಾಡಿದೆವು. ಕಥೆಯನ್ನು ಚಿಕ್ಕಮಗಳೂರಿನ ಎಸ್ಟೇಟಿಗೆ ತರೋಣ, ಕಥೆಯಲ್ಲಿ ಎಲ್ಲರೂ ಹುಡುಕುವ ಕಪ್ಪು ಹಕ್ಕಿಯ ಬೊಂಬೆಯ ಬದಲು ಹೊಯ್ಸಳರ ವಿಗ್ರಹ ಇಡೋಣ ಅಂತ ಒಬ್ಬರು ಹಟ ಹಿಡಿದಿದ್ದರು. ಬೇಡ ಅಂದೆ. ಸ್ಯಾನ್ ಫ್ರಾನ್ಸಿಸ್ಕೋದ ಬಂದರು, ಮಂಜು, ಹೋಟೆಲ್ ರೂಮುಗಳು ಇಲ್ಲದಿದ್ದರೆ ಈ ಹೆಂಗಸು ಮೂರು ಹೆಸರು ಇಟ್ಟುಕೊಂಡು ಓಡಾಡುವುದಕ್ಕೆ ಆಗಲ್ಲ. ನಮ್ಮೂರಲ್ಲಿ ಎರಡನೇ ದಿನವೇ "ನೀವು ಇಂಥವರ ಮಗಳಲ್ವಾ" ಅಂತ ಯಾರಾದರೂ ಕೇಳಿಬಿಡುತ್ತಾರೆ.

ತಾಲೀಮು ಶುರುವಾಗುವ ಮೊದಲು ಮೂರೂ ಸಿನಿಮಾ ನೋಡಿದೆ. ಹೌದು, ಮೂರಿವೆ. 1931ರದ್ದರಲ್ಲಿ ಬೀಬಿ ಡೇನಿಯಲ್ಸ್. 1936ರದ್ದರಲ್ಲಿ ಹೆಸರು, ಕಥೆ ಎಲ್ಲ ತಿರುಚಿ ತಮಾಷೆ ಮಾಡಿದ್ದಾರೆ, ಬೆಟಿ ಡೇವಿಸ್ ಇದ್ದಾರೆ. ಮೂರನೆಯದು ಜಾನ್ ಹ್ಯೂಸ್ಟನ್ ನಿರ್ದೇಶನದ ಮೊದಲ ಸಿನಿಮಾ, 1941ರದ್ದು. ಅದರಲ್ಲಿ ಮೇರಿ ಆಸ್ಟರ್. ಮೊದಲಿನ ಇಬ್ಬರ ಸುಳ್ಳು ನಮಗೆ ಬೇಗ ಗೊತ್ತಾಗುತ್ತದೆ, ಗೊತ್ತಾಗಲಿ ಅಂತಲೇ ಮಾಡಿದ್ದಾರೆ. ಆಸ್ಟರ್ ಹಾಗಲ್ಲ. ನಾನು ಎಷ್ಟು ಸಲ ನೋಡಿದೆನೋ ಲೆಕ್ಕ ಇಟ್ಟಿಲ್ಲ. ಧ್ವನಿ ತೆಗೆದು ನೋಡಿದೆ, ಚಿತ್ರ ಮುಚ್ಚಿ ಬರೀ ಧ್ವನಿ ಕೇಳಿದೆ. ಗುಟ್ಟು ಸಿಕ್ಕಿದ್ದು ಬರೀ ಧ್ವನಿ ಕೇಳಿದಾಗ.

ಆಕೆಯ ಮುಖದಲ್ಲಿ ಸುಳ್ಳೇ ಇಲ್ಲ. ಮುಖ ಪೂರ್ತಿ ಸತ್ಯದ್ದು. ಸುಳ್ಳಿರುವುದು ಉಸಿರಿನಲ್ಲಿ. ಸ್ಪೇಡ್‌ನ ಆಫೀಸಿಗೆ ಮಿಸ್ ವಂಡರ್ಲಿ ಅಂತ ಬಂದು, ಇಲ್ಲದ ತಂಗಿಯ ಕಥೆ ಹೇಳುತ್ತಾಳಲ್ಲ, ಆ ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ಉಸಿರು ಎಲ್ಲಿ ಬೇಕೋ ಅಲ್ಲಿ ಇರುವುದಿಲ್ಲ. ಆಸ್ಟರ್ ಇದನ್ನು ತನ್ನ ಸಿನಿಮಾ ನೆನಪುಗಳಲ್ಲಿ ತಾನೇ ಬರೆದಿದ್ದಾರೆ. ಹುಟ್ಟಾ ಸುಳ್ಳು ಹೇಳುವವರ ಮುಖ ಸಾಚಾ ಇರುತ್ತದೆ, ಆದರೆ ಉಸಿರು ಮಾತ್ರ ಜೋರಾಗುತ್ತದೆ ಅಂತ ಆಕೆಯ ಲೆಕ್ಕ. ಅದಕ್ಕೇ ಬಹಳಷ್ಟು ದೃಶ್ಯಗಳಿಗೆ ಮುಂಚೆ ಬೇಕಂತಲೇ ಬಿರುಸಾಗಿ ಉಸಿರಾಡಿ ತಲೆ ಹಗುರ ಮಾಡಿಕೊಂಡು ಕ್ಯಾಮೆರಾ ಮುಂದೆ ಹೋಗುತ್ತಿದ್ದರಂತೆ.

ಇದನ್ನು ತಂಡದಲ್ಲಿ ಹೇಳಿದಾಗ ನಿರ್ದೇಶಕರು "ಏನಮ್ಮಾ, ಅದು ಕ್ಲೋಸಪ್ ಕಲೆ. ಕೊನೇ ಸಾಲಿನವನಿಗೆ ನಿಮ್ಮ ಉಸಿರು ಎಲ್ಲಿ ಕಾಣುತ್ತೆ?" ಅಂದರು. ಸ್ಪೇಡ್ ಪಾತ್ರಧಾರಿ ಇನ್ನೂ ಮುಂದೆ ಹೋಗಿ "ಅಕ್ಕಾ, ಸುಮ್ನೆ ಒಂದು ನಗು ಕೊಡಿ, ಜನ ಅರ್ಥ ಮಾಡ್ಕೋತಾರೆ" ಅಂದರು. ಆ ನಗು ಯಾವುದು ಅಂತ ನಿಮಗೆ ಗೊತ್ತು. ಖಳನಾಯಕಿ ಬಾಗಿಲ ಹತ್ತಿರ ನಿಂತು ತಿರುಗಿ ನಗುವ ನಗು. ಕಂಪನಿ ನಾಟಕದಲ್ಲಿ ಅದಕ್ಕೆ ಶಿಳ್ಳೆ ಬೀಳುತ್ತದೆ, ನನಗೂ ಅದು ಇಷ್ಟವೇ. ಈ ಕಥೆಗೆ ಮಾತ್ರ ಅದು ವಿಷ. ಬ್ರಿಜಿಡ್ ಒಂದು ಸಲ ಹಾಗೆ ನಕ್ಕರೆ, ಅವಳನ್ನು ಹಿಡಿಯಲು ಎರಡು ಗಂಟೆ ತಗೊಂಡ ಸ್ಪೇಡ್ ದಡ್ಡನಾಗುತ್ತಾನೆ.

ಇನ್ನೊಂದು ಆಕ್ಷೇಪ ವಯಸ್ಸಿನದು. ಕಾದಂಬರಿಯ ಬ್ರಿಜಿಡ್ ಚಿಕ್ಕ ಹುಡುಗಿ, ನನಗೆ ನಲವತ್ತು ದಾಟಿದೆ. ಆಸ್ಟರ್‌ಗೂ ಆಗ 35 ಆಗಿತ್ತು, ಮೂಕಿ ಚಿತ್ರಗಳ ಕಾಲದಿಂದ ನಟಿಸಿಕೊಂಡು ಬಂದವರು. ಐದು ವರ್ಷ ಮುಂಚೆ ಮಗಳನ್ನು ಯಾರು ಸಾಕಬೇಕು ಅನ್ನುವ ಕೋರ್ಟು ಜಗಳದಲ್ಲಿ ಆಕೆಯ ಡೈರಿ ಪತ್ರಿಕೆಗಳ ಬಾಯಿಗೆ ಬಿದ್ದಿತ್ತು. ಟಿಕೆಟ್ ತಗೊಂಡವರಲ್ಲಿ ಅನೇಕರಿಗೆ ‘ಈಕೆ ಹೇಳುವುದನ್ನು ನಂಬಬೇಕಾ’ ಅನ್ನುವ ಅನುಮಾನ ಮೊದಲೇ ಇದ್ದಿರಬೇಕು ಅನ್ನುವುದು ನನ್ನ ಊಹೆ. ನನಗೆ ಆ ಅನುಕೂಲ ಇರಲಿಲ್ಲ. ನಮ್ಮ ಸಭಿಕರಿಗೆ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು.

ಸರಿ, ಕೆಲಸಕ್ಕೆ ಬರೋಣ. ಮೊದಲ ಯತ್ನದಲ್ಲಿ ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗ್‌ನಲ್ಲಿ ನಿಂತು, ಬಾಯಿ ಸ್ವಲ್ಪ ತೆರೆದು, ಎದೆಯ ಮೇಲ್ಭಾಗದಲ್ಲೇ ಸಣ್ಣ ಸಣ್ಣ ಉಸಿರು ಎಳೆದೆ. ನಲವತ್ತೋ ಐವತ್ತೋ ಇರಬೇಕು. ತುಟಿ ಜುಮ್ಮೆಂದಿತು, ಬೆರಳ ತುದಿ ಮರಗಟ್ಟಿತು, ಎಂಟ್ರಿ ತಗೊಂಡವಳು ಸ್ಪೇಡ್‌ನ ಟೇಬಲ್ ಹಿಡಿದು ನಿಂತೆ. ಮೊದಲ ಮಾತು ಮರೆತೇ ಹೋಯಿತು. ಆಮೇಲೆ ಇಳಿಸಿ ಇಳಿಸಿ ಹದಿನೈದರ ಆಸುಪಾಸಿಗೆ ತಂದೆ. ಅಲ್ಲಿಗೆ ತಲೆ ಹಗುರಾಗುತ್ತದೆ, ಮಾತು ಉಳಿಯುತ್ತದೆ. ನಿಮ್ಮ ಲೆಕ್ಕ ಬೇರೆ ಇರಬಹುದು. ಆಸ್ತಮಾ, ಬಿಪಿ ಇದ್ದವರು ಈ ಸಾಹಸಕ್ಕೆ ಹೋಗಬೇಡಿ. ಸ್ಪೇಡ್ ಆಫೀಸಿನ ಸೆಕ್ರೆಟರಿ ಎಫಿಯ ಪಾತ್ರ ಮಾಡುವ ನಮ್ಮ ಹುಡುಗಿಗೆ ಒಂದೇ ಸಲಕ್ಕೆ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟಳು.

ಎರಡನೇ ತಾಪತ್ರಯ ದೊಡ್ಡದು. ಸಿನಿಮಾದಲ್ಲಿ ಒಂದು ಶಾಟ್ ಒಂದೆರಡು ನಿಮಿಷ. ನಾಟಕದಲ್ಲಿ ನನ್ನ ಮೊದಲ ದೃಶ್ಯವೇ ಹನ್ನೆರಡು ನಿಮಿಷ. ವಿಂಗ್‌ನಲ್ಲಿ ತುಂಬಿಕೊಂಡ ಉಸಿರು ಮೂರನೇ ನಿಮಿಷಕ್ಕೆ ತಣ್ಣಗಾಗುತ್ತಿತ್ತು. ಅಲ್ಲಿಂದ ಮುಂದೆ ನಾನು ಸುಳ್ಳು ಹೇಳುವ ಹೆಂಗಸಾಗಿ ಉಳಿಯುತ್ತಿರಲಿಲ್ಲ, ಮಾತು ಒಪ್ಪಿಸುವ ನಟಿ ಆಗುತ್ತಿದ್ದೆ.

ಮೂರನೆಯದು ಯಾರೂ ಯೋಚಿಸಿರದ ಎಡವಟ್ಟು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಇಲ್ಲ’ ಬರುವುದು ಅದಕ್ಕೂ ಕೊನೆಗೆ. ಉಸಿರು ಸಾಲದೆ ಮಾತು ಮುಗಿಸಿದರೆ ಬಾಲ ಕತ್ತರಿಸಿ ಹೋಗುತ್ತದೆ. ಗ್ರ್ಯಾಂಡ್ ರಿಹರ್ಸಲ್‌ನಲ್ಲಿ "ಆರ್ಚರ್‌ನನ್ನು ನಾನು ಕೊಂದಿಲ್ಲ" ಅಂದೆ. ಆರ್ಚರ್ ಅಂದರೆ ಕಥೆಯಲ್ಲಿ ಕೊಲೆಯಾಗುವ, ಸ್ಪೇಡ್ ಜೊತೆಯ ಪಾಲುದಾರ. ಹಿಂದಿನ ಸಾಲಿಗೆ ಕೇಳಿದ್ದು "ನಾನು ಕೊಂದಿ…" ಅಷ್ಟೇ. ಕೊಲೆಗಾತಿ ಯಾರು ಅಂತ ಅಲ್ಲೇ ಗೊತ್ತಾಯಿತು ಅಂತ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿರ್ದೇಶಕರಿಗೆ ಅದೇ ಬೇಕಿತ್ತು.

ಅವತ್ತು ರಾತ್ರಿ ಸ್ಕ್ರಿಪ್ಟ್ ಪೂರ್ತಿ ಪೆನ್ಸಿಲ್ ಗುರುತು ಹಾಕಿದೆ. ಉಸಿರನ್ನು ವಾಕ್ಯದ ಕೊನೆಯಿಂದ ಮಧ್ಯಕ್ಕೆ ತಂದೆ. "ಆರ್ಚರ್‌ನನ್ನು ನಾನು" ಅಂದು, ಅಲ್ಲಿ ತಡೆದು, ಚಿಕ್ಕ ಉಸಿರು ಎಳೆದು, ಹೊಸ ಗಾಳಿಯಲ್ಲಿ "ಕೊಂದಿಲ್ಲ". ಈಗ ಕೊನೆಯ ಪದ ಗಟ್ಟಿ. ಅದಕ್ಕಿಂತ ದೊಡ್ಡ ಲಾಭ ಆ ತಡೆಯಲ್ಲೇ ಸಿಕ್ಕಿತು. ಮುಂದೆ ಏನು ಹೇಳುತ್ತಾಳೋ ಅಂತ ಸಭಿಕರು ಕಾಯುತ್ತಾರೆ. ಅವಳು ಆ ಕ್ಷಣಕ್ಕೇ ಸುಳ್ಳು ಹೆಣೆಯುತ್ತಿದ್ದಾಳೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಎಲ್ಲ ವಾಕ್ಯಕ್ಕೂ ಹೀಗೆ ಮಾಡಿದರೆ ಉಬ್ಬಸದವಳ ಹಾಗೆ ಕೇಳುತ್ತದೆ. ಯಾವ ಮಾತಿಗೆ ಮಾಡಬೇಕು, ಯಾವುದಕ್ಕೆ ಬಿಡಬೇಕು ಅನ್ನುವುದಕ್ಕೆ ನನ್ನದೊಂದು ನಿಯಮ ಇದೆ. ಅದನ್ನು ಇಲ್ಲಿ ಬರೆಯಲ್ಲ.

ಉಸಿರು ತಣ್ಣಗಾಗುವ ಸಮಸ್ಯೆಗೆ ಪರಿಹಾರ ಸಿಕ್ಕಿದ್ದು ಸಿನಿಮಾದಲ್ಲೇ. ಬ್ರಿಜಿಡ್ ರೂಮಿನಲ್ಲಿ ಸುಮ್ಮನೆ ಕೂರುವವಳಲ್ಲ. ಎದ್ದು ಅದನ್ನಿದನ್ನು ಸರಿ ಮಾಡುತ್ತಾಳೆ, ಅಗ್ಗಿಷ್ಟಿಕೆಯ ಬೆಂಕಿ ಕೆದಕುತ್ತಾಳೆ. ಸ್ಪೇಡ್‌ಗೆ ಅದು ಗೊತ್ತು. ಮತ್ತೆ ಎದ್ದು ಸಾಮಾನು ಜೋಡಿಸಿ ಬೆಂಕಿ ಕೆದಕಲ್ಲ ತಾನೆ ಅಂತ ಕೇಳಿಯೇಬಿಡುತ್ತಾನೆ. ಅವಳು ಯೋಚಿಸಲು ಟೈಮ್ ಕದಿಯುತ್ತಿದ್ದಾಳೆ. ನಾನು ಅದೇ ಜಾಗದಲ್ಲಿ ಉಸಿರು ಕದ್ದೆ. ಅಗ್ಗಿಷ್ಟಿಕೆಯನ್ನು ಸೆಟ್‌ನ ಎಡಮೂಲೆಗೆ, ಸಭಿಕರಿಗೆ ನನ್ನ ಬೆನ್ನು ಬರುವ ಹಾಗೆ ಹಾಕಿಸಿದೆ. ಬಗ್ಗಿ ಕಬ್ಬಿಣದ ಸಲಾಕೆ ತಗೊಂಡು ಕೆದಕುವಾಗ ಐದಾರು ಬಿರುಸು ಉಸಿರು. ತಿರುಗಿದಾಗ ಕೆನ್ನೆ ಕೆಂಪು, ಕಣ್ಣಲ್ಲಿ ತೆಳ್ಳಗೆ ನೀರು, ಮಾತು ಓಡುತ್ತಿದೆ. ಸಲಾಕೆ ಇದ್ದಿಲಿಗೆ ತಗಲುವ ಸದ್ದು ಉಸಿರಿನ ಸದ್ದನ್ನು ಮುಚ್ಚುತ್ತದೆ. ಆ ಇದ್ದಿಲು ಸುಮ್ಮನೆ ಬಣ್ಣದ ಥರ್ಮಾಕೋಲ್ ಅಲ್ಲ, ನಿಜವಾದ ಇದ್ದಿಲು. ಆರ್ಟ್ ಮಾಡುವ ಹುಡುಗ ಬೈದುಕೊಂಡೇ ಇಸ್ತ್ರಿ ಅಂಗಡಿಯಿಂದ ಎರಡು ಕೇಜಿ ತಂದ.

ಕಾಲರ್ ಮೈಕ್ ಮಾತ್ರ ಕೊನೆಗೂ ಹೊಂದಲಿಲ್ಲ. ಉಸಿರೆಲ್ಲ ಸ್ಪೀಕರಿನಲ್ಲಿ ಬುಸ್ ಬುಸ್ ಅಂತ ಬಂತು. ತೆಗೆಸಿದೆ. ಎರಡು ತೂಗುಮೈಕ್ ಬಾಡಿಗೆಗೆ ತಂದದ್ದಕ್ಕೆ ಒಂದು ಶೋಗೆ ಎರಡೂವರೆ ಸಾವಿರ ಜಾಸ್ತಿ ಬಿತ್ತು.

ನಡುವೆ ಬೇರೆ ಪ್ರಯೋಗಗಳೂ ಆದವು. ಉಸಿರು ಎಳೆಯುವ ಬದಲು ಗ್ರೀನ್‌ರೂಮಿನ ಹಿಂದಿನ ಮೆಟ್ಟಿಲು ಹತ್ತಿ ಇಳಿದು ನೋಡಿದೆ. ಅದು ಬಸ್ಸಿಗೆ ಓಡಿ ಬಂದವಳ ಏದುಸಿರು, ಸುಳ್ಳಿನದ್ದಲ್ಲ, ಜೊತೆಗೆ ಬೆವರಿಗೆ ಮೇಕಪ್ ಇಳಿಯಿತು. ಮೇಕಪ್ ಮಾಮ "ಮಗಳೇ, ಇನ್ನೊಂದು ಸಲ ಮೆಟ್ಟಿಲು ಹತ್ತಿದ್ರೆ ನಾನು ಮನೆಗೆ ಹೋಗ್ತೀನಿ" ಅಂದರು. ಮೂರು ಹೆಸರಿಗೆ ಮೂರು ನಡಿಗೆ ಅಂತಲೂ ಮಾಡಿದೆ. ಮಿಸ್ ವಂಡರ್ಲಿಗೆ ಒಂದು, ಮಿಸ್ ಲೆಬ್ಲಾಂಕ್‌ಗೆ ಇನ್ನೊಂದು, ಬ್ರಿಜಿಡ್‌ಗೆ ಮತ್ತೊಂದು. ನೋಡಿದವರು ಮೂವರು ಬೇರೆ ಹೆಂಗಸರು ಅಂದುಕೊಂಡರು. ಬಿಟ್ಟೆ. ಹಕ್ಕಿಯ ಹಿಂದೆ ಬಿದ್ದ ಇನ್ನೊಬ್ಬ ಕೈರೋ, ಆ ಪಾತ್ರದ ಗೆಳೆಯನಿಗೂ ಉಸಿರು ಕಲಿಸಿದೆ, ಇಬ್ಬರೂ ಎದುರುಬದುರು ಏದುಸಿರು ಬಿಟ್ಟಾಗ ದೃಶ್ಯ ಪ್ರಾಣಾಯಾಮ ಶಿಬಿರದಂತೆ ಕಂಡಿತು. ಉಸಿರು ಒಬ್ಬರದ್ದೇ ಆಗಬೇಕು.

ಕೆಲಸಕ್ಕೆ ಬಂದ ಪ್ರಯೋಗ ಒಂದೇ. ಅವಳು ನಿಜ ಹೇಳುವ ಜಾಗದಲ್ಲೂ ಅದೇ ಉಸಿರು ಇಟ್ಟೆ. ಸುಳ್ಳು ಹೇಳಿ ಹೇಳಿ ಸುಸ್ತಾಗಿದೆ, ಯಾವುದು ಸುಳ್ಳು ಯಾವುದು ನಿಜ ನನಗೇ ತಿಳಿಯದು ಅಂತ ಸಿನಿಮಾದಲ್ಲಿ ಆಸ್ಟರ್ ಹೇಳುತ್ತಾರಲ್ಲ, ಅದು ನಿಜವೋ ಇನ್ನೊಂದು ಬಲೆಯೋ ಅಂತ ಇಷ್ಟು ವರ್ಷ ಆದಮೇಲೂ ಹೇಳುವುದು ಕಷ್ಟ. ಸಿಕ್ಕಿಬಿದ್ದ ಸುಳ್ಳನ್ನೇ ಮುಂದಿನ ಸುಳ್ಳಿಗೆ ಮೆಟ್ಟಿಲು ಮಾಡಿಕೊಳ್ಳುವವಳು ಅವಳು. ನಾನು ತುಂಬಾ ಕೆಟ್ಟವಳು ಅಂತ ಒಪ್ಪಿಕೊಳ್ಳುವುದೂ ಅದೇ ಜಾತಿಯ ಮಾತು. ಸ್ಪೇಡ್ ಮೊದಲೇ ಹೇಳಿದ್ದಾನೆ, ನಿನ್ನ ಕಥೆಯನ್ನು ನಂಬಲಿಲ್ಲ, ನೀನು ಕೊಟ್ಟ ಇನ್ನೂರು ಡಾಲರ್ ನಂಬಿದೆವು ಅಂತ. ಆ ಮಾತಿಗೆ ನಮ್ಮ ಊರಿನ ಪ್ರತಿ ಶೋದಲ್ಲೂ ಚಪ್ಪಾಳೆ ಬಿತ್ತು.

ಕೊನೆಯ ಲಿಫ್ಟ್ ದೃಶ್ಯದಲ್ಲಿ ಉಸಿರೇ ಇಲ್ಲ. ಸಿನಿಮಾದಲ್ಲಿ ಲಿಫ್ಟಿನ ಜಾಲರಿ ಬಾಗಿಲು ಮುಚ್ಚಿದಾಗ ಸರಳುಗಳ ನೆರಳು ಆಸ್ಟರ್ ಮುಖದ ಮೇಲೆ ಬೀಳುತ್ತದೆ, ಆಕೆ ಮುಂದಕ್ಕೆ ನೋಡುತ್ತಾ ನಿಂತಿರುತ್ತಾರೆ. ನಮಗೆ ಜಾಲರಿ ಬಾಗಿಲಿಗೆ ಗುಜರಿ ಅಂಗಡಿಯವರು ಆರು ಸಾವಿರ ಕೇಳಿದರು. ಲೈಟಿಂಗ್ ಹುಡುಗ ತಗಡಿನಲ್ಲಿ ಪಟ್ಟಿ ಕತ್ತರಿಸಿ ಬೆಳಕಿನ ಅಂಚು ಚೂಪಾಗಿ ಬೀಳುವ ಪ್ರೊಫೈಲ್ ಲೈಟಿಗೆ ಸಿಕ್ಕಿಸಿದ. ಮೊದಲು ಬೆಳಕು ಮೆತ್ತಗೆ ಹರಡುವ ಫ್ರೆನೆಲ್‌ನಲ್ಲಿ ನೋಡಿದ್ದ, ನೆರಳು ಮಸುಕಾಗಿ ಬಂದಿತ್ತು. ಖರ್ಚು ನೂರೈವತ್ತರೊಳಗೆ. ನಾನು ಆ ನೆರಳಿನಲ್ಲಿ ಉಸಿರು ಹಿಡಿದು ನಿಲ್ಲುತ್ತೇನೆ. ಎರಡು ಗಂಟೆ ಕಿವಿಗೆ ಬೀಳುತ್ತಿದ್ದದ್ದು ನಿಂತಾಗ ಸಭೆಯೂ ನಿಲ್ಲುತ್ತದೆ. ಮೂರನೇ ಶೋದಲ್ಲಿ ಕೊನೇ ಸಾಲಿನಲ್ಲಿ ಕುಳಿತಿದ್ದ ನಿರ್ದೇಶಕರಿಗೆ ಗೊತ್ತಾಗಿದ್ದೇ ಇಲ್ಲಿ.

ದುಡ್ಡಿನ ಕಥೆ. ಎಲ್ಲ ಸೇರಿ ಒಂದು ಲಕ್ಷದ ಹತ್ತು ಸಾವಿರದ ಹತ್ತಿರ ಹೋಯಿತು. ಸಭಾಂಗಣ, ಲೈಟ್, ಸೆಟ್ ಅದರಲ್ಲಿ ಮುಕ್ಕಾಲು. ನನ್ನ ಚೀಟಿ ದುಡ್ಡಿನಿಂದ ಮೂವತ್ತು ಸಾವಿರ ಹಾಕಿದ್ದೆ. ಟಿಕೆಟ್ ನೂರೈವತ್ತು. ಮೊದಲ ಶೋಗೆ ಅರವತ್ತು ಜನ, ಅದರಲ್ಲಿ ಅರ್ಧ ನೆಂಟರು. ಮೂರನೆಯದಕ್ಕೆ ಮುನ್ನೂರರ ಮೇಲೆ. ನನ್ನ ಮೂವತ್ತರಲ್ಲಿ ಇಪ್ಪತ್ತೆರಡು ವಾಪಸ್ ಬಂದಿದೆ, ಉಳಿದದ್ದು ಬರುತ್ತದೆ ಅಂತ ಖಜಾಂಚಿ ಹೇಳುತ್ತಾರೆ, ಬ್ರಿಜಿಡ್ ಥರವೇ. ಹಕ್ಕಿಯನ್ನು ಗಣಪತಿ ಮಾಡುವವರಿಂದ ಮಣ್ಣಲ್ಲಿ ಮಾಡಿಸಿ ಕಪ್ಪು ಬಳಿಸಿದ್ದು, ನಾನೂರು ರೂಪಾಯಿ. ಅಲ್ಲಿ ಹಾಲಿವುಡ್‌ನಲ್ಲಿ ಇಡೀ ಸಿನಿಮಾ ನಾಲ್ಕು ಲಕ್ಷ ಡಾಲರಿಗಿಂತ ಕಮ್ಮಿಯಲ್ಲಿ ಮುಗಿದಿತ್ತು. ಅದರ ಸೀಸದ ಹಕ್ಕಿ 2013ರ ಹರಾಜಿನಲ್ಲಿ ನಲವತ್ತು ಲಕ್ಷ ಡಾಲರ್ ದಾಟಿತು. ಕಥೆಯಲ್ಲಿ ನಕಲಿ ಅಂತ ಎಸೆದದ್ದು!

ಬೇಸರ ಒಂದೇ, ತುಪ್ಪಳದ ಶಾಲು. ಬಾಡಿಗೆ ಅಂಗಡಿಯಿಂದ ಬಂದದ್ದು ನುಸಿಗುಳಿಗೆ ವಾಸನೆ ಹೊಡೆಯುತ್ತಿತ್ತು. ಅದನ್ನು ಹೊದ್ದು ಬಿರುಸಾಗಿ ಉಸಿರೆಳೆದರೆ ಸೀನು ಬರದೆ ಇರುತ್ತದಾ? ಎರಡನೇ ಶೋದಲ್ಲಿ ಇಲ್ಲದ ತಂಗಿಯ ಕಥೆಯ ಮಧ್ಯೆ ಮೂರು ಸಲ ಸೀನಿದೆ. ಸ್ಪೇಡ್ ಥಟ್ಟನೆ ಕರವಸ್ತ್ರ ಕೊಟ್ಟರು, ಜನ ಅದನ್ನೂ ಅಭಿನಯ ಅಂದುಕೊಂಡರು. ಶಿವಮೊಗ್ಗದ ಶೋಗೆ ವೆಲ್ವೆಟ್ ಶಾಲು ಹೊಲಿಸಿದ್ದೇನೆ, ಒಂಬೈನೂರು. ಕರವಸ್ತ್ರ ಮಾತ್ರ ಹಾಗೇ ಉಳಿಸಿಕೊಂಡಿದ್ದೇವೆ.