ಲಂಟಾನ ಪೊದೆ ತೆಗೆಯುವ ಬಗೆ: ಮೇಲೆ ಕಡಿದರೆ ಸಾಲದು, ಬುಡದ ಗಂಟು ಬರಬೇಕು

ಹಿತ್ತಿಲ ಮೂಲೆಯನ್ನೋ ಕಾಂಪೌಂಡಿನ ಅಂಚನ್ನೋ ಎರಡು ಮಳೆಗಾಲ ಮುಟ್ಟದೆ ಬಿಟ್ಟರೆ ಲಂಟಾನ ಆಳೆತ್ತರಕ್ಕೆ ಹಬ್ಬಿಬಿಡುತ್ತದೆ. ಕೆಲವೆಡೆ ಇದನ್ನೇ ರೋಜವಾರ ಎನ್ನುತ್ತಾರೆ. ಆಳು ಕರೆಸಿ ಮಚ್ಚಿನಲ್ಲಿ ನೆಲಮಟ್ಟಕ್ಕೆ ಕಡಿಸಿದರೆ ಒಂದು ವಾರ ಜಾಗ ಚೊಕ್ಕಟವಾಗಿ ಕಾಣುತ್ತದೆ. ಒಂದು ಮಳೆ ಬಿದ್ದದ್ದೇ ತಡ, ಮೊದಲು ನಾಲ್ಕು ಕೊಂಬೆ ಇದ್ದಲ್ಲಿ ಹತ್ತು ಹದಿನೈದು ಚಿಗುರು ಏಳುತ್ತವೆ. ಕಾಂಡ ಮುಗಿದು ಬೇರು ಶುರುವಾಗುವ ಜಾಗದಲ್ಲಿ ಒಂದು ಗಂಟು ಇರುತ್ತದೆ. ಚಿಗುರುವ ಶಕ್ತಿಯೆಲ್ಲ ಅಲ್ಲೇ. ಅದು ನೆಲದಲ್ಲಿ ಉಳಿದಿರುವಷ್ಟು ದಿನ ಕಡಿದ ಕೂಲಿ ದಂಡ.

ಮಾಡಬೇಕಾದ್ದು ಗಂಟಿನ ಕೆಳಗೆ ತಾಯಿಬೇರನ್ನು ಕತ್ತರಿಸಿ ಗಂಟಿನ ಸಮೇತ ಗಿಡ ಎತ್ತುವುದು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ಕಾಡುಗಳಿಗಾಗಿ ರೂಪಿಸಿದ ವಿಧಾನದ ಸಾರ ಇದೇ. ಮನೆ ತೋಟಕ್ಕೂ ಹಾಗೇ ಒಗ್ಗುತ್ತದೆ.

ಕಾಲ: ಮುಂಗಾರಿನ ಮೊದಲ ಎರಡು ಮೂರು ಹದ ಮಳೆ ಆದ ಮೇಲೆ. ಏಪ್ರಿಲ್‌ನ ಒಣ ನೆಲದಲ್ಲಿ ಹಾರೆ ಇಳಿಯುವುದಿಲ್ಲ, ಬೇರು ಅರ್ಧಕ್ಕೆ ತುಂಡಾಗಿ ಗಂಟು ಒಳಗೇ ಉಳಿಯುತ್ತದೆ. ಜಡಿಮಳೆಯ ಕೆಸರಿನಲ್ಲಿ ಕಾಲು ನಿಲ್ಲುವುದಿಲ್ಲ. ಕಾಯಿ ಕಪ್ಪಾಗುವುದಕ್ಕೆ ಮುಂಚೆ ಮುಗಿಸಿದರೆ ಒಳ್ಳೆಯದು.

ಬೇಕಾದ್ದು: ಉದ್ದ ಹಿಡಿಯ ಕುಡುಗೋಲು, ಮಚ್ಚು, ಪಿಕಾಸಿ, ಹಾರೆ, ಗುದ್ದಲಿ. ಕೈಗೆ ದಪ್ಪ ಚರ್ಮದ ಗ್ಲೌಸ್, ಮೈಗೆ ತುಂಬು ತೋಳಿನ ಅಂಗಿ, ಕಾಲಿಗೆ ಗಮ್‌ಬೂಟು, ಕಣ್ಣಿಗೆ ಕನ್ನಡಕ. ಗಿಡದ ಮುಳ್ಳು ಸಣ್ಣದು, ಆದರೆ ಕೊಕ್ಕೆಯಾಗಿ ಬಾಗಿರುತ್ತದೆ. ಬಾಗಿಸಿದ ಕೊಂಬೆ ಚಿಮ್ಮಿದರೆ ನೇರ ಮುಖಕ್ಕೇ ಹೊಡೆಯುತ್ತದೆ.

ಪೊದೆಗೆ ಕೈ ಹಾಕುವ ಮುಂಚೆ ಉದ್ದ ಕೋಲಿನಿಂದ ಸುತ್ತಲೂ ಬಡಿದು, ಐದು ನಿಮಿಷ ದೂರ ನಿಂತು ನೋಡಿ. ಕಣಜದ ಗೂಡು ಇದ್ದರೆ ಆಗಲೇ ತಿಳಿಯುತ್ತದೆ. ಹಾವು ಮಾತ್ರ ಸದ್ದಿಗೆ ಹೋಗಿಯೇ ಹೋಗುತ್ತದೆ ಎಂದು ನಂಬಬೇಡಿ. ಕೊಳಕುಮಂಡಲ ಜಾಗ ಬಿಟ್ಟು ಕದಲದೆ ಮಲಗಿರುವುದೂ ಉಂಟು. ಕಣ್ಣಿಗೆ ಕಾಣದ ಕಡೆ ಕೈ ಬೇಡ, ಕೋಲೇ ಹೋಗಲಿ.

ಈಗ ಹೊರಗಿನಿಂದ ಒಳಕ್ಕೆ ಕೊಂಬೆ ಸವರುತ್ತಾ ಬನ್ನಿ. ನೆಲಕ್ಕೆ ತಾಗಿದ ಕೊಂಬೆಗಳು ಗೆಣ್ಣಿನಲ್ಲಿ ಬೇರು ಬಿಟ್ಟಿರುತ್ತವೆ. ಅವು ಬೇರೆ ಗಿಡಗಳೇ ಎಂದು ತಿಳಿದು ಬೇರು ಸಹಿತ ಕೀಳಿ. ಕೊನೆಗೆ ಬುಡದ ದಪ್ಪ ಕಾಂಡಗಳನ್ನು ಎರಡರಿಂದ ಮೂರು ಅಡಿ ಉಳಿಸಿ ಕತ್ತರಿಸಿ. ಇಲ್ಲೇ ಬಹಳ ಜನ ಎಡವುವುದು: ಅಚ್ಚುಕಟ್ಟಾಗಿರಲಿ ಎಂದು ಪೂರ್ತಿ ಕಡಿದು, ಆಮೇಲೆ ಬುಡ ಅಲ್ಲಾಡಿಸಲು ಹಿಡಿ ಇಲ್ಲದೆ ಒದ್ದಾಡುತ್ತಾರೆ.

ಬುಡದ ಸುತ್ತ ಒಂದಡಿ ಅಗಲ, ಗೇಣು ಆಳ ಮಣ್ಣು ಬಿಡಿಸಿ. ಗಂಟು ಒರಟಾಗಿ, ಉಬ್ಬಿಕೊಂಡು ಕಾಣುತ್ತದೆ. ಅದರ ಕೆಳಗೆ ಬೇರು ಒಮ್ಮೆಲೇ ಸಣ್ಣಗಾಗುತ್ತದೆ. ಗಂಟಿನಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ, ಅಂದರೆ ಎರಡು ಮೂರು ಬೆರಳಿನಷ್ಟು ಇಳಿದು, ಪಿಕಾಸಿಯ ಅಗಲ ಬಾಯಿಂದ ಓರೆಯಾಗಿ ಹೊಡೆಯಿರಿ. ಪಕ್ಕದ ಬೇರು ಮೊದಲು, ತಾಯಿಬೇರು ಕೊನೆಗೆ. ಒಬ್ಬರು ಉಳಿಸಿದ ಕಾಂಡ ಹಿಡಿದು ಆಚೀಚೆ ಅಲ್ಲಾಡಿಸಲಿ, ಇನ್ನೊಬ್ಬರು ಹಾರೆ ಕೊಟ್ಟು ಮೀಟಲಿ. ಎದ್ದ ಬುಡವನ್ನು ತಿರುಗಿಸಿ ನೋಡಿ. ಗಂಟು ಸೀಳಿ ಒಂದು ಹೋಳು ಗುಂಡಿಯಲ್ಲೇ ಉಳಿದಿದ್ದರೆ ಅದನ್ನೂ ಅಗೆದು ತೆಗೆಯಬೇಕು. ಕೆಳಗಿನ ಬರೀ ಬೇರಿನ ಚಿಂತೆ ಬೇಡ, ಅದು ಅಲ್ಲೇ ಕೊಳೆಯುತ್ತದೆ.

ಕಿತ್ತದ್ದನ್ನು ಬೇರು ಮೇಲಾಗಿ, ತಲೆಕೆಳಗಾಗಿ ಒಡ್ಡಿ. ಹಸಿ ಮಣ್ಣಿನ ಮೇಲೆ ಅಡ್ಡ ಬಿಸಾಡಿದರೆ ಮತ್ತೆ ಬೇರೂರುತ್ತದೆ. ಕಾಯಿ ಇದ್ದ ರೆಂಬೆಗಳನ್ನು ಗೋಣಿಚೀಲಕ್ಕೆ ತುಂಬಿ ಬೇರೆ ಇಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಒಣಗಿದ ಕಡ್ಡಿ ಸೌದೆಗೆ, ಬಳ್ಳಿ ಚಪ್ಪರಕ್ಕೆ ಆಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರಿಂದ ಕುರ್ಚಿ, ಮೇಜು ಮಾಡುತ್ತಾರೆ. ಬೀದಿ ದನ ತಿನ್ನಲಿ ಎಂದು ಸೊಪ್ಪನ್ನು ರಸ್ತೆ ಬದಿಗೆ ಹಾಕುವುದು ಮಾತ್ರ ಸಲ್ಲ. ಇದು ದನ, ಕುರಿ, ಮೇಕೆಗಳ ಪಿತ್ತಜನಕಾಂಗ ಕೆಡಿಸುತ್ತದೆ, ಬಿಸಿಲಿಗೆ ಚರ್ಮ ಸುಲಿದು ಹುಣ್ಣಾಗುತ್ತದೆ.

ಜಾಗ ದೊಡ್ಡದಿದ್ದರೆ ಜೆಸಿಬಿ ಕರೆಸುವ ಆಸೆಯಾಗುತ್ತದೆ. ಅರ್ಧ ದಿನದ ಕೆಲಸ ನಿಜ, ಆದರೆ ಅದು ಗಂಟುಗಳನ್ನು ಒಡೆದು ಮಣ್ಣಲ್ಲಿ ಹೂಳುತ್ತದೆ, ಅಡಿಯಲ್ಲಿದ್ದ ಬೀಜವನ್ನು ಮೇಲೆ ತರುತ್ತದೆ. ಜೆಸಿಬಿ ಬಂದರೂ ಹಿಂದೆಯೇ ಇಬ್ಬರು ಗಂಟು ಆರಿಸುತ್ತಾ ಬರಬೇಕು. ಬುಡಕ್ಕೆ ಉಪ್ಪು, ಡೀಸೆಲ್, ಆಸಿಡ್ ಸುರಿಯುವುದಂತೂ ಮೂರ್ಖತನ. ಲಂಟಾನ ಸಾಯುತ್ತದೋ ಇಲ್ಲವೋ, ಮಣ್ಣು ಕೆಡುವುದು ಖಂಡಿತ.

ಕಲ್ಲಿನ ಕಾಂಪೌಂಡಿನ ಸಂದಿಯಲ್ಲಿ ಬುಡ ಸಿಕ್ಕಿಕೊಂಡಿದ್ದರೆ ಅಗೆಯಲು ಹೋಗಿ ಗೋಡೆ ಕೆಡವಬೇಡಿ. ಕಾಂಡವನ್ನು ಸಾಧ್ಯವಾದಷ್ಟು ಕೆಳಗೆ ಕತ್ತರಿಸಿ, ಚಿಗುರು ನಾಲ್ಕು ಬೆರಳಿನಷ್ಟು ಬಂದಾಗಲೆಲ್ಲ ಮುರಿಯುತ್ತಿರಿ. ಎಲೆ ಬಲಿಯಲು ಬಿಡದಿದ್ದರೆ ಬೇರಿಗೆ ಆಹಾರ ಸಿಗುವುದಿಲ್ಲ. ನಿಧಾನದ ದಾರಿ, ಒಂದು ವರ್ಷ ಮೀರಿದರೂ ಆಶ್ಚರ್ಯವಿಲ್ಲ.

ತೆರವಾದ ನೆಲವನ್ನು ಬೋಳು ಬಿಡಬಾರದು. ಬಿಸಿಲು ಬಿದ್ದ ಕೂಡಲೇ ಮಣ್ಣಿನಲ್ಲಿದ್ದ ಬೀಜಗಳು ಏಳುತ್ತವೆ. ಅದೇ ವಾರ ಅಲಸಂದೆಯನ್ನು ಒತ್ತಾಗಿ ಚೆಲ್ಲಿ. ತಡವಾಗಿದ್ದರೆ ಹುರುಳಿ. ಬಿತ್ತುವ ಮನಸ್ಸಿಲ್ಲದಿದ್ದರೆ ಒಣ ಎಲೆಯನ್ನು ಗೇಣು ದಪ್ಪ ಹಾಸಿ. ಸಸಿ ಗುರುತಿಸುವುದು ಸುಲಭ: ಎದುರುಬದುರು ಒರಟು ಎಲೆ, ನಾಲ್ಕು ಮೂಲೆಯ ದಂಟು, ಉಜ್ಜಿದರೆ ಘಾಟು ವಾಸನೆ. ಗೇಣುದ್ದ ಆಗುವ ಮುಂಚೆ, ಮಳೆ ಬಂದ ಮರುದಿನ, ಬರಿಗೈಗೇ ಬರುತ್ತದೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವುದರಿಂದ ಕಡಿಮೆಯೆಂದರೂ ಮೂರು ಮಳೆಗಾಲ ಈ ಸುತ್ತು ತಪ್ಪಿಸಬೇಡಿ. ಪಿಕಳಾರಗಳು ಕೂರುವ ಮರದ ಕೆಳಗೆ, ತಂತಿಯ ಕೆಳಗೆ ಮೊದಲು ನೋಡಿ. ಹಣ್ಣು ತಿಂದ ಹಕ್ಕಿಗಳು ಬೀಜ ಉದುರಿಸುವುದು ಅಲ್ಲೇ.