ಮೊಣಕಾಲನ್ನೂ ಒಂದು ಮಾತು ಕೇಳಿ

ಮೊನ್ನೆ ಮಗ ಮೊಬೈಲಿನಲ್ಲಿ ನಕ್ಷೆ ಹಿಡಿದುಕೊಂಡು ಬಂದು, "ಅಮ್ಮ, ಎರಡೇ ದಿನ. ಕುಕ್ಕೆ, ಧರ್ಮಸ್ಥಳ, ಹೊರನಾಡು, ಶೃಂಗೇರಿ, ಉಡುಪಿ, ಕೊಲ್ಲೂರು, ಎಲ್ಲಾ ಮುಗಿಸಿಬಿಡೋಣ" ಅಂದ. "ಮುಗಿಸೋಕೆ ಅದೇನು ಪಾತ್ರೆ ತೊಳೆಯೋ ಕೆಲಸವೇನೋ?" ಅಂದೆ. ಅವನಿಗೆ ನಗು. ನನಗೆ ಮಾತ್ರ ಹಿಂದೊಮ್ಮೆ ಇದೇ ಆರು ಕ್ಷೇತ್ರಗಳಿಗೆ ಹೀಗೇ ಎದ್ದೆನೋ ಬಿದ್ದೆನೋ ಅಂತ ಹೋಗಿಬಂದದ್ದು ನೆನಪಾಯಿತು.

ಅದು ಆಷಾಢ. ಮಳೆ ಬಿಟ್ಟಿರಲಿಲ್ಲ. ಚಾರ್ಮಾಡಿ ಘಾಟಿಯ ಮೂರನೇ ತಿರುವಿಗೇ ಮೊಮ್ಮಗಳು ವಾಂತಿ ಮಾಡಿಕೊಂಡಳು. ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರ್‌ದೋಸೆ ತಿಂದರೆ ನಾನು ಕಾಫಿಯನ್ನೂ ಮುಟ್ಟಲಿಲ್ಲ, ಮುಂದೆ ಎಲ್ಲಿ ಶೌಚಾಲಯ ಸಿಗುತ್ತದೋ ಎಂಬ ಭಯ. ಹೊರನಾಡು ಸೇರುವಾಗ ಕತ್ತಲೆ. ಮಾರನೆಯ ದಿನ ನಮ್ಮ ಮನೆಯವರ ಮೊಣಕಾಲು ಊದಿ, ಶೃಂಗೇರಿಯಲ್ಲಿ ಅವರು ಕಾರಿನಿಂದ ಇಳಿಯಲೇ ಇಲ್ಲ. ಊರಿಗೆ ಬಂದಮೇಲೆ ನನಗೆ ಉರಿಮೂತ್ರ, ಜ್ವರ, ಒಂದು ವಾರ ಮಾತ್ರೆ. ಏನು ನೋಡಿದಿರಿ ಅಂತ ಪಕ್ಕದ ಮನೆಯವರು ಕೇಳಿದರೆ ವೈಪರ್ ಆಡುವುದನ್ನು ನೋಡಿದೆವು ಎನ್ನಬೇಕು, ಅಷ್ಟೇ.

ಆವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲಿಗೆ ಹೊರಟರೂ ಮೊದಲು ಕೇಳುವುದು ದಾರಿ ಎಷ್ಟು ಕಿಲೋಮೀಟರು ಅಂತ ಅಲ್ಲ. ಜೊತೆಗೆ ಬರುವವರಲ್ಲಿ ಯಾರಿಗೆ ಮೊಣಕಾಲು ನೋವು, ಯಾರಿಗೆ ಹೊಟ್ಟೆ ಸೂಕ್ಷ್ಮ, ಯಾರಿಗೆ ಎರಡು ಗಂಟೆಗೊಮ್ಮೆ ಇಳಿಯಲೇಬೇಕು, ಇದನ್ನು ಕೇಳಿ ಬರೆದಿಟ್ಟುಕೊಳ್ಳುವುದು. ಬಾಯಿಬಿಟ್ಟು ಹೇಳಲು ಹೆಂಗಸರಿಗೆ ಸಂಕೋಚ, ಗಂಡಸರಿಗೆ ಬಿಂಕ. ಅದಕ್ಕೇ ಮನೆಯ ಹಿರಿಯರು ಯಾರಾದರೂ ತಾವೇ ಕೇಳಬೇಕು. ಗಟ್ಟಿಮುಟ್ಟಾದ ಹುಡುಗರ ಲೆಕ್ಕದಲ್ಲಿ ಹಾಕಿದ ಪ್ರವಾಸಕ್ಕೆ ಹುಡುಗರೇ ಹೋಗಿಬರಲಿ.

ದಾರಿಯ ಲೆಕ್ಕವೂ ಹಾಗೆಯೇ. ನಮ್ಮ ತಿಪಟೂರು, ಅರಸೀಕೆರೆ ಕಡೆಯ ಬಯಲು ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರು ಸಲೀಸು. ಘಟ್ಟದಲ್ಲಿ ಗಂಟೆಗೆ 25, ಹೆಚ್ಚೆಂದರೆ 30 ಅಂತ ಹಿಡಿಯಿರಿ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಎದುರಿಗೊಂದು ಬಸ್ಸು ಬಂದರೆ ನಿಂತೇ ಹೋಗಬೇಕು. ಮೊಬೈಲು ತೋರಿಸಿದ ಹೊತ್ತಿಗೆ ಅದರ ಅರ್ಧದಷ್ಟು ಸೇರಿಸಿಕೊಂಡರೆ ಮನೆಯಲ್ಲಿ ಜಗಳ ಕಡಿಮೆ.

ಈಗ ನಾವು ಹೋಗುವುದು ಹೀಗೆ. ಬೆಳಗಿನ ಜಾವ ಹೊರಟು ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿದು ಮಧ್ಯಾಹ್ನಕ್ಕೆ ಕುಕ್ಕೆ. ಆ ರಾತ್ರಿ ಅಲ್ಲೇ. ಬೆಳಗ್ಗೆ ದರ್ಶನ ಮಾಡಿಕೊಂಡು ಹೊರಟರೆ ಧರ್ಮಸ್ಥಳದಲ್ಲಿ ಮಧ್ಯಾಹ್ನದ ಊಟಕ್ಕೆ ಸರಿಯಾಗುತ್ತದೆ, ರಾತ್ರಿ ವಸತಿಯೂ ಅಲ್ಲೇ. ಮೂರನೇ ದಿನ ಉಡುಪಿ, ನಾಲ್ಕನೇ ದಿನ ಹಗಲು ಹೊತ್ತಿನಲ್ಲಿ ಆಗುಂಬೆ ಹತ್ತಿ ಶೃಂಗೇರಿ. ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕುವುದಕ್ಕೇ ಒಂದು ಗಂಟೆ ಬೇಕು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಐದನೇ ದಿನ ಚಿಕ್ಕಮಗಳೂರು, ಕಡೂರಿನ ಮೇಲೆ ಮನೆಗೆ. ಹೊರನಾಡು, ಕೊಲ್ಲೂರು ಇನ್ನೊಂದು ಸಲಕ್ಕೆ. ಕೊಲ್ಲೂರು ತಾಯಿಗೆ ನಮ್ಮಷ್ಟು ಅವಸರವಿಲ್ಲ.

ಹೊರಡುವ ದಿನ ಗೊತ್ತುಮಾಡುವಾಗ ಪಂಚಾಂಗವನ್ನೂ ನೋಡಿ, ಸರ್ಕಾರಿ ರಜೆಯ ಪಟ್ಟಿಯನ್ನೂ ನೋಡಿ. ಎರಡನೇ ಶನಿವಾರದ ಹಿಂದೆ ಮುಂದೆ ಒಂದು ಹಬ್ಬ ಸೇರಿದರೆ ಬೆಂಗಳೂರಿನ ಅರ್ಧ ಕಾರುಗಳು ಶಿರಾಡಿಯಲ್ಲಿರುತ್ತವೆ. ಕುಕ್ಕೆಯಲ್ಲಿ ಚಂಪಾಷಷ್ಠಿ, ಧರ್ಮಸ್ಥಳದಲ್ಲಿ ಕಾರ್ತಿಕದ ಲಕ್ಷದೀಪೋತ್ಸವ, ಶೃಂಗೇರಿಯಲ್ಲಿ ನವರಾತ್ರಿ: ಅದನ್ನೇ ನೋಡಬೇಕೆಂದು ಹೋಗುವುದು ಬೇರೆ, ಗೊತ್ತಿಲ್ಲದೆ ಹೋಗಿ ಸಿಕ್ಕಿಕೊಳ್ಳುವುದು ಬೇರೆ. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸುವುದಿದ್ದರೆ ಅದು ಎರಡು ದಿನದ ಕೆಲಸ, ಮುಂಚೆಯೇ ಕಾಯ್ದಿರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಯಾವಾಗ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೋ ಹೇಳಲಾಗದು. ಮಳೆಗಾಲದ ಮಲೆನಾಡು ಚೆಂದ ನಿಜ, ಆದರೆ ಹೋಗುವವರು ಒಂದು ದಿನ ಕೈಯಲ್ಲಿಟ್ಟುಕೊಂಡೇ ಹೋಗಬೇಕು. ಒಂದು ಪೊಟ್ಟಣ ಉಪ್ಪೂ ಇರಲಿ. ಉಂಬಳ ಕಚ್ಚಿಕೊಂಡರೆ ಕಿತ್ತೆಳೆಯಬೇಡಿ, ಉಪ್ಪು ಸೋಕಿಸಿದರೆ ತಾನೇ ಉದುರುತ್ತದೆ.

ಕಾರಿಲ್ಲದವರು, ತಿರುವಿಗೆ ಹೆದರುವವರು ರೈಲು ನೋಡಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಮಕ್ಕಳಿಗೆ ಸುರಂಗ ಎಣಿಸುವ ಕೆಲಸ ಕೊಟ್ಟರೆ ಮೊಬೈಲು ಕೇಳುವುದಿಲ್ಲ. ಹಗಲು ರೈಲನ್ನೇ ನೋಡಿ ಹಿಡಿಯಿರಿ, ರಾತ್ರಿ ಹೋದರೆ ಕಾಣುವುದು ಕಿಟಕಿಯಲ್ಲಿ ನಿಮ್ಮ ಮುಖವೇ. ಸುಬ್ರಹ್ಮಣ್ಯ ರೋಡ್ ಅಂದರೆ ನೆಟ್ಟಣ. ಅಲ್ಲಿಂದ ದೇವಸ್ಥಾನಕ್ಕೆ ಇನ್ನೂ ಸುಮಾರು 12 ಕಿಲೋಮೀಟರು ಜೀಪೋ ಬಸ್ಸೋ ಹಿಡಿಯಬೇಕು.

ರೈಲಿನ ಮಾತು ಬಂದಾಗ ನಾವು ಮಾಡಿದ ದಡ್ಡತನವನ್ನು ಹೇಳಿಬಿಡುತ್ತೇನೆ. ಕಾಶಿಗೆ ಹೊರಟಾಗ ಟಿಕೆಟಿನಲ್ಲಿ ಇದ್ದದ್ದು 12ನೇ ತಾರೀಕು, ರಾತ್ರಿ 12 ಗಂಟೆ 15 ನಿಮಿಷ. ನಮ್ಮ ಮನೆಯವರು 12ರ ಹಗಲೆಲ್ಲ ಆರಾಮಾಗಿದ್ದು ರಾತ್ರಿ ಉಂಡು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ನಮ್ಮ ರೈಲು ಹಿಂದಿನ ರಾತ್ರಿಯೇ ಹೋಗಿ ಆಗಿತ್ತು! ನಡುರಾತ್ರಿ ದಾಟಿದರೆ ರೈಲ್ವೆಗೆ ತಾರೀಕು ಬದಲಾಗುತ್ತದೆ. ನಮಗೆ ಬೆಳಗಾಗುವವರೆಗೆ ಅದು ನಿನ್ನೆಯ ರಾತ್ರಿಯೇ. ಅಂಥ ಟಿಕೆಟಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ "11ರ ರಾತ್ರಿ ಊಟ ಮಾಡಿ ಹೊರಡುವುದು" ಎಂದು ಬರೆಯಿರಿ. ಬೆಂಗಳೂರಿನಿಂದ ಹತ್ತುವವರು ಸ್ಟೇಷನ್ನಿನ ಹೆಸರನ್ನೂ ಎರಡು ಸಲ ಓದಿ. ಮೆಜೆಸ್ಟಿಕ್ಕೋ, ಯಶವಂತಪುರವೋ, ಬೈಯಪ್ಪನಹಳ್ಳಿಯೋ? ಒಂದರಿಂದ ಇನ್ನೊಂದಕ್ಕೆ ಆ ಟ್ರಾಫಿಕ್ಕಿನಲ್ಲಿ ಓಡುವಷ್ಟರಲ್ಲಿ ರೈಲು ಊರು ಬಿಟ್ಟಿರುತ್ತದೆ. ಮೊದಲು ನಾಲ್ಕು ತಿಂಗಳು ಮುಂಚೆ ಟಿಕೆಟ್ ಮಾಡಿಸಬಹುದಿತ್ತು, 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದಿದೆ. 60 ತುಂಬಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಆದರೆ ಮನೆಮಂದಿಯೆಲ್ಲ ಒಂದೇ ಟಿಕೆಟಿನಲ್ಲಿ ಸೇರಿಕೊಂಡರೆ ಆ ಕೋಟಾ ಸಿಗುವುದಿಲ್ಲ; ವಯಸ್ಸಾದವರ ಟಿಕೆಟ್ಟನ್ನು ಬೇರೆ ಮಾಡಿಸಿ. ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದ್ದೇ ಇದೆ. ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ರಾಜಹಂಸ, ಐರಾವತಕ್ಕೆ ಹತ್ತಿ ಕಂಡಕ್ಟರ ಜೊತೆ ವಾದ ಮಾಡಬೇಡಿ, ಅದು ಸಾಮಾನ್ಯ ಬಸ್ಸುಗಳಿಗೆ ಮಾತ್ರ.

ಇನ್ನು ಬುತ್ತಿ. ಇಲ್ಲಿ ನನ್ನ ಕೈ ಸ್ವಲ್ಪ ಉದ್ದ, ಸಹಿಸಿಕೊಳ್ಳಿ. ಬುತ್ತಿ ಹಳಸುವುದು ಹೆಚ್ಚಾಗಿ ಅಡಿಗೆಯ ತಪ್ಪಿನಿಂದಲ್ಲ, ಮುಚ್ಚಳದ ತಪ್ಪಿನಿಂದ. ಬಿಸಿಬಿಸಿ ಪುಳಿಯೋಗರೆಯನ್ನು ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಹಬೆ ನೀರಾಗಿ ಇಳಿದು ಮಧ್ಯಾಹ್ನಕ್ಕೇ ಅನ್ನ ಲೋಳೆಯಾಗುತ್ತದೆ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಎಣ್ಣೆ ಸವರಿ, ಚೆನ್ನಾಗಿ ಆರಿದ ಮೇಲೆ ಗೊಜ್ಜು ಕಲಸಿ. ಈರುಳ್ಳಿ, ಹಸಿ ಕಾಯಿತುರಿ ಬೇಡವೇ ಬೇಡ. ತೆಂಗು ಬೇಕೇಬೇಕು ಅನ್ನುವವರು ಕೊಬ್ಬರಿ ತುರಿದು ಹಾಕಿ. ತಿಪಟೂರಿನವಳು ನಾನು, ಕೊಬ್ಬರಿ ಬಿಟ್ಟು ಮಾತಾಡುವವಳಲ್ಲ. ಮೊಸರನ್ನಕ್ಕೆ ಮೊಸರು ಸುರಿಯಬೇಡಿ. ಮೆತ್ತಗೆ ಬೆಂದ ಅನ್ನಕ್ಕೆ ಕಾದಾರಿದ ಹಾಲು ಧಾರಾಳವಾಗಿ ಹಾಕಿ, ಮೊಸರು ಒಂದೆರಡು ಚಮಚ ಸಾಕು. ಊಟದ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ. ಚಪಾತಿ ಹಿಟ್ಟನ್ನು ನೀರಿನ ಬದಲು ಹಾಲಿನಲ್ಲಿ ಕಲಸಿ ಸ್ವಲ್ಪ ತುಪ್ಪ ಸೇರಿಸಿದರೆ ಮಾರನೆಯ ದಿನಕ್ಕೂ ಮೆತ್ತಗೆ. ಬಾಳೆಯೆಲೆಯನ್ನು ಒಲೆಯ ಉರಿಯ ಮೇಲೆ ಬಾಡಿಸಿಕೊಂಡು ಅದರಲ್ಲಿ ಕಟ್ಟಿ, ಹರಿಯುವುದಿಲ್ಲ. ಮೊದಲ ದಿನ ಮೊಸರನ್ನ, ಪುಳಿಯೋಗರೆ. ಎರಡನೇ ದಿನಕ್ಕೆ ಚಪಾತಿ, ಚಟ್ನಿಪುಡಿ. ಆಮೇಲೆ ಒಣ ಅವಲಕ್ಕಿ, ಕೋಡುಬಳೆ. ಅದಕ್ಕಿಂತ ಹೆಚ್ಚು ಹೊರಬೇಡಿ. ಆ ದಾರಿಯ ಕ್ಷೇತ್ರಗಳಲ್ಲಿ ಮಧ್ಯಾಹ್ನದ ಊಟಕ್ಕೆ ಕೊರತೆಯಿಲ್ಲ.

ವಾಂತಿಯ ಕಾಟ ಇರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ದಾರಿಯನ್ನೇ ನೋಡುವಂತೆ ಹೇಳಿ. ಮೊಬೈಲು ನೋಡುತ್ತಾ ಘಟ್ಟ ಹತ್ತಿದರೆ ತಲೆ ಸುತ್ತದೆ ಇನ್ನೇನಾಗುತ್ತದೆ? ಹಸಿದ ಹೊಟ್ಟೆಯೂ ಕೆಟ್ಟದ್ದು, ಹೊಟ್ಟೆತುಂಬ ಎಣ್ಣೆಪೂರಿಯೂ ಕೆಟ್ಟದ್ದು. ಎರಡು ಇಡ್ಲಿ ಸರಿ. ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿ ಅಡಿಕೆ ಅಥವಾ ಶುಂಠಿ ಚೂರು ಬಾಯಲ್ಲಿರಲಿ. ಮಾತ್ರೆ ಬೇಕಾದವರು ಹೊರಡುವ ಮುಂಚೆ ಡಾಕ್ಟರನ್ನು ಕೇಳಿ ಘಟ್ಟಕ್ಕೆ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ. ಹೊಟ್ಟೆ ಕೆಟ್ಟರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಕೈಯಂದಾಜು ಬೇಡ, ಚಮಚವನ್ನೇ ಚೀಲಕ್ಕೆ ಹಾಕಿಕೊಳ್ಳಿ.

ಹೆಣ್ಣುಮಕ್ಕಳೇ, ನೀರು ಕುಡಿಯದೆ ಪ್ರಯಾಣ ಮಾಡುವ ಚಾಳಿ ಬಿಡಿ. ನನ್ನ ಅತ್ತೆಯೂ ಮಾಡಿದರು, ನಾನೂ ಮಾಡಿದೆ, ನನ್ನ ಸೊಸೆಯೂ ಮಾಡುತ್ತಿದ್ದಳು. ಗುಟುಕು ಗುಟುಕಾಗಿ ಕುಡಿಯಿರಿ, ಎರಡು ಗಂಟೆಗೊಮ್ಮೆ ನಿಲ್ಲಿಸಲು ಹೇಳಿ. ದೊಡ್ಡ ಪೆಟ್ರೋಲ್ ಬಂಕು, ಜನ ಓಡಾಡುವ ಹೋಟೆಲು ಕಂಡಾಗ ಬೇಕೋ ಬೇಡವೋ ಇಳಿದುಬಿಡಿ. ಬೇಕಾದಾಗ ಅದು ಸಿಗುವುದಿಲ್ಲ. ಒಂದು ಸಣ್ಣ ಚೀಲದಲ್ಲಿ ಸೋಪಿನ ಚೂರು, ಹಳೆ ಮೆತ್ತನೆ ಬಟ್ಟೆ, ಒಂದು ಖಾಲಿ ಮಗ್ಗು. ಮಗ್ಗು ಎಂದರೆ ನಗಬೇಡಿ, ನಲ್ಲಿ ಇದ್ದ ಕಡೆ ಮಗ್ಗಿರುವುದಿಲ್ಲ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಸೂಟ್‌ಕೇಸಿನಲ್ಲಿ ಅಲ್ಲ, ಮಡಿಲ ಮೇಲಿನ ಚೀಲದಲ್ಲಿರಲಿ, ಎರಡು ದಿನದ್ದು ಹೆಚ್ಚೇ ಇರಲಿ. ದುಡ್ಡನ್ನು ಮೂರು ಕಡೆ ಹಂಚಿ. ಕಳಸ, ಕುದುರೆಮುಖದ ಕಡೆ ಸಿಗ್ನಲ್ ಕೈಕೊಟ್ಟರೆ ಫೋನಿನಲ್ಲಿ ದುಡ್ಡು ಕೊಡಲೂ ಆಗದು, ಯಾರ ನಂಬರೂ ಬಾಯಿಗೆ ಬಾರದು. ನಾಲ್ಕು ನಂಬರನ್ನು ಕಾಗದದಲ್ಲಿ ಬರೆದು ಅಜ್ಜಂದಿರ ಜೇಬಿಗೂ ಮಕ್ಕಳ ಜೇಬಿಗೂ ಹಾಕಿ. ಧರ್ಮಸ್ಥಳ, ಉಡುಪಿಯಲ್ಲಿ ಗಂಡಸರು ಅಂಗಿ ಬನಿಯನ್ ತೆಗೆಯಬೇಕು, ಒಂದು ಶಲ್ಯ ಜೊತೆಗಿದ್ದರೆ ಮುಜುಗರವಿಲ್ಲ. ದಾರಿಯಲ್ಲಿ ಶ್ರವಣಬೆಳಗೊಳ ಸೇರಿಸುವ ಆಸೆಯಿದ್ದರೆ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಚಪ್ಪಲಿ ಇಲ್ಲದೆ ಹತ್ತಬೇಕು, ಹತ್ತು ಗಂಟೆಯ ಮೇಲೆ ಬಂಡೆ ಕಾದ ಹೆಂಚು. ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಮೊಣಕಾಲಿಗೆ ಡೋಲಿಯೂ ಸಿಗುತ್ತದೆ, ಅದರಲ್ಲಿ ಕೂತರೆ ಮರ್ಯಾದೆ ಹೋಗುವುದಿಲ್ಲ. ನಮ್ಮ ಮನೆಯವರಿಗೆ ಇದನ್ನು ಒಪ್ಪಿಸುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು.

ಬೀಗ ಹಾಕುವ ಮುಂಚೆ ಗ್ಯಾಸ್ ರೆಗ್ಯುಲೇಟರು, ಮೋಟಾರು, ನಲ್ಲಿ. ಕಸದ ಡಬ್ಬಿ ಖಾಲಿ, ಸಿಂಕಿನಲ್ಲಿ ಒಂದು ಲೋಟವೂ ಇರಕೂಡದು. ತುಳಸಿಗೆ ಪಕ್ಕದಲ್ಲಿ ಒಂದು ಬಕೆಟ್ಟು ನೀರಿಟ್ಟು ಹಳೆ ಹತ್ತಿ ಪಂಚೆಯ ಪಟ್ಟಿಯನ್ನು ಒದ್ದೆ ಮಾಡಿ ಒಂದು ತುದಿ ಬಕೆಟ್ಟಿನ ತಳಕ್ಕೆ, ಇನ್ನೊಂದನ್ನು ಬುಡದ ಮಣ್ಣಿನೊಳಕ್ಕೆ ಹೂಳಿ. ಬಕೆಟ್ಟು ಕುಂಡಕ್ಕಿಂತ ಎತ್ತರದಲ್ಲಿರಬೇಕು. ಐದು ದಿನ ಗಿಡ ತಲೆಬಾಗುವುದಿಲ್ಲ. ಹಾಲಿನವನಿಗೂ ಪೇಪರಿನವನಿಗೂ ಹೇಳಿ, ಬೀಗದ ಕೈ ಪಕ್ಕದ ಮನೆಗೆ.

ಇನ್ನೊಂದು ಕೆಲಸ ನನ್ನ ಅತ್ತೆಯಿಂದ ಬಂದದ್ದು. ಬರುವ ದಿನದ ಅಡಿಗೆಗೆ ಒಂದು ಡಬ್ಬಿಯಲ್ಲಿ ಅಳೆದ ಅಕ್ಕಿ, ಇನ್ನೊಂದರಲ್ಲಿ ಅಳೆದ ಬೇಳೆ, ಅದರ ಮೇಲೆ ಸಾರಿನಪುಡಿಯ ಪೊಟ್ಟಣ, ಒಂದು ಉಂಡೆ ಹುಣಸೆಹಣ್ಣು, ಎರಡು ಒಣಮೆಣಸಿನಕಾಯಿ ಇಟ್ಟು ಹೋಗುವುದು. ಒಗೆಯುವ ಬಟ್ಟೆ ರಾಶಿ ಬಾಗಿಲಲ್ಲೇ ಬಿದ್ದಿರಲಿ. ಕುಕ್ಕರ್ ಕೂಗುವಷ್ಟರಲ್ಲಿ ಎಲ್ಲರ ಸ್ನಾನ ಆಗುತ್ತದೆ. ಕಳೆದ ಸಲ ಆ ಅನ್ನ ಸಾರು ಉಣ್ಣುತ್ತಾ ಮೊಮ್ಮಗಳು, "ಅಜ್ಜಿ, ಆ ಮೀನುಗಳು ಈಗ ಏನು ತಿನ್ನುತ್ತಿರುತ್ತವೆ?" ಅಂತ ಕೇಳಿದಳು.